ಟಿಪ್ಪಣಿಯ ಪ್ರಾಮಾಣ್ಯ: ಲಿನಕ್ಸ್ ಕರ್ನೆಲ್ಲಿನ ಅಂತರ್ಗತ ವಿವರಣೆಗಳ ವಿಮರ್ಶೆ

೧

ಗಣಕಯಂತ್ರವನ್ನು ನಡೆಯಿಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದೂ ಅದರ ಒಳತಿರುಳಿಗೆ ಕರ್ನೆಲ್ ಎಂದೂ ಹೆಸರು. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಅವರು ೧೯೯೧ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್ಲಿನ ಬರೆಹವು ಇಂದು ಮೂರು ಕೋಟಿ ಸಾಲುಗಳನ್ನು ಮೀರಿ ಬೆಳೆದಿದೆ. ನಮ್ಮ ವಿದ್ಯಾರ್ಥಿಗಳ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನಿಂದ ಮೊದಲ್ಗೊಂಡು ಜಗತ್ತಿನ ಅತಿವೇಗದ ಗಣಕಗಳವರೆಗೆ ಅದರ ವ್ಯಾಪ್ತಿ ಹರಡಿದೆ. ಈ ಬರೆಹವು ಗುಟ್ಟಿನದಲ್ಲ. ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಿ ಕಳುಹಿಸಬಹುದು. ಇದನ್ನು ಮುಕ್ತ ತಂತ್ರಾಂಶವೆಂದು ಕರೆಯುವುದು ಇದರಿಂದಲೇ.

ಇಂಥ ಬರೆಹದಲ್ಲಿ ಎರಡು ಬಗೆಯ ಮಾತುಗಳಿರುತ್ತವೆ. ಒಂದು ಯಂತ್ರಕ್ಕೆ ಹೇಳುವ ಮಾತು. ಇನ್ನೊಂದು ಮನುಷ್ಯರಿಗೆ ಹೇಳುವ ಮಾತು. ಮೊದಲನೆಯದು ಕೋಡ್, ಎರಡನೆಯದು ಟಿಪ್ಪಣಿ. ಟಿಪ್ಪಣಿಯನ್ನು ಯಂತ್ರವು ಓದದೆ ದಾಟಿಹೋಗುತ್ತದೆ. ಅದರಲ್ಲಿ ಸುಳ್ಳಿದ್ದರೂ ಯಂತ್ರದ ನಡೆಗೆ ಚ್ಯುತಿಯಿಲ್ಲ; ಚ್ಯುತಿಯೊದಗುವುದು ಅದನ್ನು ನಂಬಿ ಮುಂದಿನ ಕೋಡನ್ನು ಬರೆಯುವವನಿಗೆ. ಈ ಟಿಪ್ಪಣಿಗಳ ರಚನೆಗೆ ವಿಧಿಸಿರುವ ನಿಯಮಗಳು, ಅವುಗಳನ್ನು ಪರಿಶೀಲಿಸುವ ಪದ್ಧತಿ, ಮತ್ತು ಇವೆರಡರ ನಡುವೆ ಉಳಿದುಹೋಗಿರುವ ಒಂದು ಕೊರತೆ, ಇವು ಪ್ರಕೃತ ಲೇಖನದ ವಿಷಯ.

ಇತಿಹಾಸದ ಅಧ್ಯಾಪಕನಿಗೆ ಇಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಆಕರಗಳನ್ನು ಪರೀಕ್ಷಿಸುವುದು ಇತಿಹಾಸಕಾರನ ಕಸುಬು. ಫ್ರೆಂಚ್ ವಿದ್ವಾಂಸರಾದ ಲಾಂಗ್ಲ್ವಾ ಮತ್ತು ಸೇನ್ಯೊಬೋ ಅವರು ೧೮೯೮ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಪರೀಕ್ಷೆಯನ್ನು ಬಹಿರ್ವಿಮರ್ಶೆ, ಅಂತರ್ವಿಮರ್ಶೆ ಎಂದು ಎರಡಾಗಿ ವಿಂಗಡಿಸಿದರು. ದಾಖಲೆಯು ಯಾರದು, ಎಲ್ಲಿಂದ ಬಂದಿತು, ಅದರ ಪಾಠ ಶುದ್ಧವಾಗಿದೆಯೆ ಎಂಬುದು ಮೊದಲನೆಯದು. ಅದು ಹೇಳುವುದು ನಿಜವೆ ಎಂಬುದು ಎರಡನೆಯದು. ಕರ್ನೆಲ್ಲಿನ ಟಿಪ್ಪಣಿಯೂ ಒಂದು ದಾಖಲೆಯೇ ಆಗಿರುವುದರಿಂದ ಈ ಎರಡು ಪ್ರಶ್ನೆಗಳು ಅದಕ್ಕೂ ಅನ್ವಯಿಸುತ್ತವೆ. ಮೊದಲನೆಯ ಪ್ರಶ್ನೆಗೆ ಲಿನಕ್ಸಿನವರು ಬಹಳ ಚೆನ್ನಾದ ಉತ್ತರವನ್ನು ಸಿದ್ಧಪಡಿಸಿಕೊಂಡಿದ್ದಾರೆ. ಎರಡನೆಯದನ್ನು ಮಾತ್ರ ಬಹುಮಟ್ಟಿಗೆ ಪರಿಶೀಲಕನ ಸೌಜನ್ಯಕ್ಕೆ ಬಿಟ್ಟಿದ್ದಾರೆ ಎಂಬುದು ಈ ಲೇಖನದ ಅಭಿಪ್ರಾಯ.

೨

ಮೊದಲು ಟಿಪ್ಪಣಿಯ ಸ್ವರೂಪವನ್ನು ನೋಡೋಣ. ಕರ್ನೆಲ್ಲಿನಲ್ಲಿ ಸಾಮಾನ್ಯ ಟಿಪ್ಪಣಿಯು ಒಂದು ಓರೆಗೆರೆ, ಒಂದು ನಕ್ಷತ್ರ ಚಿಹ್ನೆಗಳಿಂದ ಆರಂಭವಾಗುತ್ತದೆ. ಓರೆಗೆರೆಯ ಮುಂದೆ ಎರಡು ನಕ್ಷತ್ರಗಳಿದ್ದರೆ ಅದು ಕರ್ನೆಲ್-ಡಾಕ್ ಎಂಬ ವಿಶಿಷ್ಟ ವರ್ಗಕ್ಕೆ ಸೇರಿದ ಟಿಪ್ಪಣಿಯೆಂದು ಅರ್ಥ. ಅದರ ಮೊದಲ ಸಾಲಿನಲ್ಲಿ ಫಂಕ್ಷನ್ನಿನ ಹೆಸರು, ಒಂದು ಅಡ್ಡಗೆರೆ, ಬಳಿಕ ಚಿಕ್ಕ ವಿವರಣೆ ಇರಬೇಕು. ಅನಂತರ ಫಂಕ್ಷನ್ನಿಗೆ ಒಪ್ಪಿಸುವ ಪ್ರತಿಯೊಂದು ಮೌಲ್ಯದ ಹೆಸರನ್ನೂ ‘ಆಟ್’ ಚಿಹ್ನೆಯೊಡನೆ ಬರೆದು, ಅದು ಏನೆಂಬುದನ್ನು ತಿಳಿಸಬೇಕು. ಆಮೇಲೆ ವಿಸ್ತಾರವಾದ ವಿವರಣೆ. ಆ ಫಂಕ್ಷನ್ನನ್ನು ಯಾವ ಸಂದರ್ಭದಲ್ಲಿ ಕರೆಯಬಹುದೆಂಬ ‘ಕಾಂಟೆಕ್ಸ್ಟ್’ ಭಾಗ. ಅದು ಹಿಂದಿರುಗಿಸುವ ಉತ್ತರವನ್ನು ಹೇಳುವ ‘ರಿಟರ್ನ್’ ಭಾಗ. ಈ ಟಿಪ್ಪಣಿಗಳನ್ನು ಒಂದು ಉಪಕರಣವು ಕೋಡಿನೊಳಗಿಂದ ಆಯ್ದು ಪುಸ್ತಕದ ರೂಪಕ್ಕೆ ತರುತ್ತದೆ. ಜಾವಾಡಾಕ್, ಡಾಕ್ಸಿಜನ್ ಮುಂತಾದ ಪದ್ಧತಿಗಳನ್ನು ಇದು ಮೇಲ್ನೋಟಕ್ಕೆ ಹೋಲುತ್ತದೆಯಾದರೂ ಐತಿಹಾಸಿಕ ಕಾರಣಗಳಿಂದ ಅವುಗಳಿಂದ ಬೇರೆಯಾಗಿಯೇ ಉಳಿದಿದೆ.

ಆ ಉಪಕರಣಕ್ಕೂ ಒಂದು ಇತಿಹಾಸವಿದೆ. ಪರ್ಲ್ ಭಾಷೆಯಲ್ಲಿದ್ದ ಅದರ ಮೊದಲ ರೂಪದ ತಲೆಬರೆಹದಲ್ಲಿ ೧೯೯೮ರ ಇಸವಿಯೊಡನೆ ಮೈಕೇಲ್ ಝುಕ್ಕಿ ಎಂಬವರ ಹೆಸರಿದ್ದಿತು. ಬಹುಕಾಲ ಅದು ಡಾಕ್‌ಬುಕ್ ಎಂಬ ಮಾದರಿಗೆ ಬೇಕಾದ ಪಾಠವನ್ನು ಒದಗಿಸುತ್ತಿತ್ತು. ೨೦೧೬ರಲ್ಲಿ, ೪.೮ನೆಯ ಆವೃತ್ತಿಯೊಡನೆ, ಸ್ಫಿಂಕ್ಸ್ ಎಂಬ ಹೊಸ ಸಾಧನವು ಬಂದು ಡಾಕ್‌ಬುಕ್ಕಿನ ಸ್ಥಾನವನ್ನು ಕ್ರಮೇಣ ಆಕ್ರಮಿಸಿತು. ೨೦೨೫ರಲ್ಲಿ ಮೌರೊ ಕಾರ್ವಾಲ್ಯೊ ಶೆಹಾಬ್ ಅವರು ಆ ಪರ್ಲ್ ಉಪಕರಣವನ್ನು ಪೈಥಾನ್ ಭಾಷೆಯಲ್ಲಿ ಹೊಸದಾಗಿ ಬರೆದರು. ಸಾಧನಗಳು ಹೀಗೆ ಬದಲಾದರೂ ಎರಡು ನಕ್ಷತ್ರಗಳ ಟಿಪ್ಪಣಿಯ ಮೂಲರೂಪ ಬಹುಮಟ್ಟಿಗೆ ಹಾಗೆಯೇ ನಿಂತಿದೆ. ಒಂದು ಬರೆವಣಿಗೆಯ ಸಂಪ್ರದಾಯವು ಕಾಲು ಶತಮಾನ ಬಾಳಿದುದು ಈ ಕ್ಷೇತ್ರದಲ್ಲಿ ಅಲ್ಪವಲ್ಲ.

ಈ ರೂಪನಿಯಮಗಳಲ್ಲಿ ತೊಡಕುಗಳೂ ಉಂಟು. ‘ರಿಟರ್ನ್’ ಭಾಗದಲ್ಲಿ ನಾಲ್ಕು ಬಗೆಯ ಉತ್ತರಗಳನ್ನು ನಾಲ್ಕು ಸಾಲುಗಳಲ್ಲಿ ಬರೆದರೆ, ಅಚ್ಚಿನಲ್ಲಿ ಅವೆಲ್ಲವೂ ಒಂದಕ್ಕೊಂದು ಅಂಟಿಕೊಂಡು ಒಂದೇ ಸಾಲಾಗುತ್ತವೆ. ಪಟ್ಟಿಯ ಚಿಹ್ನೆಗಳನ್ನಿಟ್ಟರೆ ಮಾತ್ರ ಬೇರೆ ಬೇರೆಯಾಗಿ ನಿಲ್ಲುತ್ತವೆ. ಸಾಲಿನ ಆರಂಭದಲ್ಲಿ ಒಂದು ಪದವನ್ನು ಬರೆದು ಅದರ ಮುಂದೆ ವಿವರಣ ಚಿಹ್ನೆಯನ್ನು ಹಾಕಿದರೆ, ಲೇಖಕನು ಬಯಸದಿದ್ದರೂ ಉಪಕರಣವು ಅದನ್ನು ಹೊಸ ಅಧ್ಯಾಯದ ತಲೆಬರೆಹವೆಂದು ಭಾವಿಸಬಹುದು. ಇವು ಸಣ್ಣ ಸಂಗತಿಗಳೆಂದು ತೋರಬಹುದು. ಆದರೆ ಶಾಸನಗಳನ್ನು ಸಂಪಾದಿಸುವವರಿಗೆ ಇಂಥ ಚಿಹ್ನೆಗಳ ಬೆಲೆ ತಿಳಿದಿದೆ. ‘ಎಪಿಗ್ರಾಫಿಯಾ ಇಂಡಿಕಾ’ದ ಪಾಠಗಳಲ್ಲಿ ಸವೆದ ಅಕ್ಷರಕ್ಕೆ ಚೌಕ ಕಂಸ, ಸಂಪಾದಕನ ತಿದ್ದುಪಡಿಗೆ ದುಂಡು ಕಂಸ, ಮೂಲದಲ್ಲಿ ಬಿಟ್ಟುಹೋಗಿ ಸಂಪಾದಕನು ತುಂಬಿದ ಅಕ್ಷರಕ್ಕೆ ನಕ್ಷತ್ರ ಚಿಹ್ನೆ. ಕಲ್ಲು ಹೇಳಿದ್ದೆಷ್ಟು, ಸಂಪಾದಕನು ಹೇಳಿದ್ದೆಷ್ಟು ಎಂಬುದನ್ನು ಆ ಚಿಹ್ನೆಗಳು ಬೇರ್ಪಡಿಸಿ ತೋರಿಸುತ್ತವೆ. ರೂಪನಿಯಮವು ಓದುಗನಿಗೆ ಕೊಟ್ಟ ಭಾಷೆ. ಅದನ್ನು ತಾತ್ಸಾರ ಮಾಡುವಂತಿಲ್ಲ.

೩

ಕರ್ನೆಲ್-ಡಾಕ್ ಪದ್ಧತಿಯ ಮುಖ್ಯ ಗುಣ ಟಿಪ್ಪಣಿಯು ತಾನು ವಿವರಿಸುವ ಕೋಡಿನ ಮಗ್ಗುಲಲ್ಲೇ ಇರುವುದು. ಇದರ ಮಹತ್ತ್ವವನ್ನು ತಿಳಿಯಲು ಬೆಳಗಾವಿಯ ಒಂದು ಉದಾಹರಣೆ ಸಾಕು. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ, ಕ್ರಿ. ಶ. ೧೨೦೪ರ, ಬೆಳಗಾವಿಯ ಎರಡು ಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮನ್ನು ಸೇರಿದವು. ಬಾರ್ನೆಟ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ ೧೩ನೆಯ ಸಂಪುಟದಲ್ಲಿ ಅವುಗಳನ್ನು ಸಂಪಾದಿಸಿದರು. ಶಾಸನದ ಪಾಠವು ನಮಗೆ ಉಳಿದಿದೆ, ನಿಜ. ಆದರೆ ಕಲ್ಲು ಒಂದು ಖಂಡದಲ್ಲಿ, ಅದು ಮಾತನಾಡುವ ಊರು ಮತ್ತೊಂದು ಖಂಡದಲ್ಲಿ ಇದ್ದರೆ, ಇದು ಯಾವ ಗೋಡೆಯ ಮಾತು, ಯಾವ ಹೊಲದ ಎಲ್ಲೆ ಎಂದು ಕಣ್ಣಾರೆ ಹೋಲಿಸಿ ನೋಡುವ ಅವಕಾಶವು ತಪ್ಪುತ್ತದೆ. ಕೋಡಿನಿಂದ ದೂರದಲ್ಲಿಟ್ಟ ವಿವರಣೆಯ ಗತಿಯೂ ಇದೇ. ಕೋಡನ್ನು ತಿದ್ದುವವನ ಕಣ್ಣಿಗೆ ಅದು ಬೀಳುವುದಿಲ್ಲ. ಕೆಲವು ವರ್ಷಗಳಲ್ಲಿ ಅದು ಹಿಂದೊಮ್ಮೆ ಇದ್ದ ವ್ಯವಸ್ಥೆಯೊಂದರ ವರ್ಣನೆಯಾಗಿ ಉಳಿಯುತ್ತದೆ.

ಬೇರೆಯಾಗಿ ನಿಂತ ವ್ಯಾಖ್ಯಾನವೂ ಬಾಳಬಲ್ಲುದೆಂಬುದಕ್ಕೆ ಜಾನ್ ಲಯನ್ಸ್ ಅವರ ಕೃತಿಯನ್ನು ಎತ್ತಿ ತೋರಿಸುವವರುಂಟು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಅವರು ೧೯೭೬ರ ಸುಮಾರಿಗೆ ಯುನಿಕ್ಸಿನ ಆರನೆಯ ಆವೃತ್ತಿಯ ಮೂಲಪಾಠವನ್ನೂ ಅದಕ್ಕೆ ತಾವು ಬರೆದ ವ್ಯಾಖ್ಯಾನವನ್ನೂ ಎರಡು ಸಂಪುಟಗಳಾಗಿ ವಿದ್ಯಾರ್ಥಿಗಳಿಗೆ ಒದಗಿಸಿದರು. ಮೂಲದ ಪ್ರತಿ ಸಾಲಿಗೂ ಸಂಖ್ಯೆಯಿದ್ದಿತು. ವ್ಯಾಖ್ಯಾನವು ಆ ಸಂಖ್ಯೆಗಳನ್ನು ಹಿಡಿದು ನಡೆಯುತ್ತಿತ್ತು. ೧೯೭೯ರ ಏಳನೆಯ ಆವೃತ್ತಿಯ ಪರವಾನಗಿಯು ಮೂಲಪಾಠವನ್ನು ತರಗತಿಯಲ್ಲಿ ಬೋಧಿಸುವುದನ್ನೇ ತಡೆಯಿತು. ಲಯನ್ಸರ ಗ್ರಂಥವು ನೆರಳಚ್ಚಿನ ಪ್ರತಿಗಳಾಗಿ ಕೈಯಿಂದ ಕೈಗೆ ಸಾಗಿ, ೧೯೯೬ರಲ್ಲಿ ಮಾತ್ರ ಬಹಿರಂಗವಾಗಿ ಅಚ್ಚಾಯಿತು. ಒಬ್ಬ ಅಧ್ಯಾಪಕನ ಪಾಠದ ಟಿಪ್ಪಣಿಗೆ ಇಷ್ಟು ದೊಡ್ಡ ಓದುಗವರ್ಗ ದೊರೆತುದು ಆಶ್ಚರ್ಯವೇ ಸರಿ. ಆದರೆ ಆರನೆಯ ಆವೃತ್ತಿಯು ಸಿದ್ಧಪಾಠ. ಅದರ ಸಾಲುಗಳು ಹತ್ತು ಸಾವಿರದೊಳಗೆ ಮುಗಿಯುತ್ತವೆ, ಅವು ಮತ್ತೆ ಬದಲಾಗುವಂತಿಲ್ಲ. ನಿಂತ ನೀರಿಗೆ ಅಳತೆಗೋಲನ್ನು ದಂಡೆಯ ಮೇಲಿಂದಲೂ ಹಿಡಿಯಬಹುದು. ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿಯನ್ನು ಹೊರಡಿಸುವ ಲಿನಕ್ಸಿನಂಥ ಹರಿವ ನೀರಿಗೆ ಆ ಕ್ರಮ ಒಗ್ಗದು. ಆದುದರಿಂದ ಟಿಪ್ಪಣಿಯು ಕೋಡಿನೊಡನೆಯೇ ಹುಟ್ಟಿ, ಕೋಡಿನೊಡನೆಯೇ ತಿದ್ದಲ್ಪಡಬೇಕೆಂಬ ಕರ್ನೆಲ್-ಡಾಕಿನ ತತ್ತ್ವವು ಸರಿಯಾದುದೆಂದು ಒಪ್ಪಬೇಕು.

೪

ಆದರೆ ಸಾಮೀಪ್ಯದಿಂದ ಸತ್ಯವು ತಾನಾಗಿ ಸಿದ್ಧಿಸುವುದಿಲ್ಲ. ಹಾಗೆಯೇ ರೂಪಶುದ್ಧಿಯಿಂದಲೂ ಸಿದ್ಧಿಸುವುದಿಲ್ಲ.

ಕರ್ನೆಲ್-ಡಾಕ್ ಉಪಕರಣವು ಟಿಪ್ಪಣಿಯ ರೂಪವನ್ನು ಪರೀಕ್ಷಿಸಬಲ್ಲುದು. ಒಪ್ಪಿಸುವ ಮೌಲ್ಯಗಳಲ್ಲಿ ಯಾವುದಾದರೊಂದಕ್ಕೆ ವಿವರಣೆ ಬಿಟ್ಟುಹೋಗಿದ್ದರೆ ಎಚ್ಚರಿಸುತ್ತದೆ. ಟಿಪ್ಪಣಿಯಲ್ಲಿ ಒಂದು ಫಂಕ್ಷನ್ನಿನ ಹೆಸರು, ಅದರ ಕೆಳಗೆ ಇನ್ನೊಂದು ಫಂಕ್ಷನ್ ಇದ್ದರೆ ಅದನ್ನೂ ಹೇಳುತ್ತದೆ. ಎರಡು ನಕ್ಷತ್ರಗಳಿಂದ ಆರಂಭವಾಗಿಯೂ ಕರ್ನೆಲ್-ಡಾಕ್ ಕ್ರಮದಲ್ಲಿಲ್ಲದ ಟಿಪ್ಪಣಿಗಳನ್ನು ಬೊಟ್ಟುಮಾಡಿ ತೋರಿಸುತ್ತದೆ. ಇವೆಲ್ಲ ಉಪಯುಕ್ತವಾದ ಕೆಲಸಗಳು. ಆದರೆ ವಿವರಣೆಯು ನಿಜವೆ ಎಂಬುದನ್ನು ಆ ಉಪಕರಣವು ಕೇಳಲಾರದು.

ನಮ್ಮ ಶಾಸನಶಾಸ್ತ್ರವು ಈ ಪಾಠವನ್ನು ನೂರು ವರ್ಷಗಳ ಹಿಂದೆಯೇ ಕಲಿತಿದೆ. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಪಟಗಳನ್ನು ೧೮೭೭ರ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಸಂಪಾದಿಸಿದ ಜೆ. ಎಫ್. ಫ್ಲೀಟ್ ಸಾಹೇಬರು, ೧೯೦೧ರಲ್ಲಿ ಅದೇ ಪತ್ರಿಕೆಯ ೩೦ನೆಯ ಸಂಪುಟದಲ್ಲಿ ಭಾರತದ ಕೂಟಶಾಸನಗಳನ್ನು ಕುರಿತು ಬರೆದರು. ಕೂಟಶಾಸನವೆಂದರೆ ಕಾಲಾಂತರದಲ್ಲಿ ಸೃಷ್ಟಿಸಿ ಪೂರ್ವರಾಜರ ಹೆಸರಿಗೆ ಕಟ್ಟಿದ ದಾನಪತ್ರ. ಅಂಥ ಪತ್ರಗಳಲ್ಲಿ ಹಲವಕ್ಕೆ ರೂಪದ ಕೊರತೆಯೇ ಇಲ್ಲ: ಮಂಗಲಾಚರಣೆಯಿದೆ, ವಂಶಾವಳಿಯಿದೆ, ದಾನದ ವಿವರವಿದೆ, ಎಲ್ಲೆಗಳಿವೆ, ಶಾಪಾಶಯವೂ ಇದೆ. ಸಿಕ್ಕಿಬೀಳುವುದು ಲಿಪಿಯ ಕಾಲವನ್ನೋ ತಿಥಿಯ ಗಣನೆಯನ್ನೋ ಭಾಷೆಯ ಸ್ಥಿತಿಯನ್ನೋ ಹೊರಗಿನ ಸಾಕ್ಷ್ಯದೊಡನೆ ಹೋಲಿಸಿದಾಗ. ತಲಕಾಡಿನ ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟರಿಗೂ ಬಿ. ಎಲ್. ರೈಸರಿಗೂ ನಡೆದ ದೀರ್ಘವಾದವು ಪ್ರಸಿದ್ಧವಾಗಿಯೇ ಇದೆ. ಫ್ಲೀಟರು ಕೂಟವೆಂದು ತಳ್ಳಿದ ಕೆಲವನ್ನು ಮುಂದಿನ ವಿದ್ವಾಂಸರು ಪ್ರಮಾಣವೆಂದು ಒಪ್ಪಿದ್ದೂ ಉಂಟು. ಯಾರ ಪಕ್ಷವೇ ಗೆಲ್ಲಲಿ, ವಾದ ನಡೆದುದು ರೂಪದ ಆಚೆಗಿನ ಪ್ರಶ್ನೆಯ ಮೇಲೆ ಎಂಬುದನ್ನು ಗಮನಿಸಬೇಕು.

ಕರ್ನೆಲ್ಲಿನಿಂದ ಒಂದು ನಿದರ್ಶನವನ್ನು ನೋಡೋಣ. ಬಳಕೆದಾರನ ಸ್ಮೃತಿಭಾಗದಿಂದ ಕರ್ನೆಲ್ಲಿನ ಸ್ಮೃತಿಭಾಗಕ್ಕೆ ಮಾಹಿತಿಯನ್ನು ನಕಲು ಮಾಡುವ ‘ಕಾಪಿ ಫ್ರಮ್ ಯೂಸರ್’ ಎಂಬ ಫಂಕ್ಷನ್ನು ಹಿಂದಿರುಗಿಸುವ ಸಂಖ್ಯೆಯು ನಕಲಾದ ಬೈಟುಗಳ ಸಂಖ್ಯೆಯಲ್ಲ. ನಕಲಾಗದೆ ಉಳಿದ ಬೈಟುಗಳ ಸಂಖ್ಯೆ. ಸೊನ್ನೆ ಬಂದರೆ ಕೆಲಸ ಪೂರ್ಣವಾಯಿತೆಂದು ಅರ್ಥ. ಕರ್ನೆಲ್ಲಿನ ಬೇರೆ ಹಲವು ಫಂಕ್ಷನ್ನುಗಳು ಸೋತಾಗ ಋಣಸಂಖ್ಯೆಯನ್ನು ಹಿಂದಿರುಗಿಸುವುದರಿಂದ, ಇದನ್ನು ತಿಳಿಯದವನು ಎಡವುವುದು ಸಹಜ. ಇಲ್ಲಿ ‘ರಿಟರ್ನ್’ ಭಾಗದ ಒಂದೇ ಸಾಲು ಸರಿಯಾಗಿದ್ದರೆ ಓದುಗನು ಬದುಕಿದನು. ಅದೇ ಸಾಲಿನಲ್ಲಿ ‘ಆಗದೆ ಉಳಿದ’ ಎಂಬುದರ ಸ್ಥಾನದಲ್ಲಿ ‘ಆದ’ ಎಂದಿದ್ದರೆ? ಉಪಕರಣದ ದೃಷ್ಟಿಯಲ್ಲಿ ಎರಡೂ ಸಮಾನ. ರೂಪವು ಎರಡರಲ್ಲಿಯೂ ನಿರ್ದುಷ್ಟವಾಗಿದೆ, ಎಚ್ಚರಿಕೆಯೊಂದೂ ಹೊರಡದು.

ಇದಕ್ಕಿಂತ ಸೂಕ್ಷ್ಮವಾದ ಮತ್ತೊಂದು ದೋಷವುಂಟು. ಎಚ್ಚರಿಕೆಯನ್ನು ಅಡಗಿಸುವುದಕ್ಕಾಗಿಯೇ ಬರೆದ ಟಿಪ್ಪಣಿಯದು ಅದು. ‘ಫ್ಲಾಗ್ಸ್’ ಎಂಬ ಮೌಲ್ಯಕ್ಕೆ ವಿವರಣೆಯಿಲ್ಲವೆಂದು ಉಪಕರಣವು ದೂರಿದರೆ, ‘ಫ್ಲಾಗ್ಸ್: ಫ್ಲಾಗುಗಳು’ ಎಂದು ಬರೆದು ದೂರನ್ನು ತೀರಿಸುವುದು. ‘ಡಿವೈಸ್’ ಎಂದರೆ ಡಿವೈಸು, ‘ಸೈಜ್’ ಎಂದರೆ ಸೈಜು. ಸುಳ್ಳಿಲ್ಲ, ಆದರೆ ವಿಷಯವೂ ಇಲ್ಲ. ಹಿಂದೆ ಎಚ್ಚರಿಕೆಯಿದ್ದಾಗ ಇಲ್ಲಿ ತಿಳಿಯದ ಸಂಗತಿಯೊಂದಿದೆ ಎಂದಾದರೂ ಗೊತ್ತಾಗುತ್ತಿತ್ತು. ಈಗ ಆ ಗುರುತೂ ಅಳಿಸಿಹೋಯಿತು. ಸವೆದ ಅಕ್ಷರವನ್ನು ಚೌಕ ಕಂಸವಿಲ್ಲದೆ ಊಹೆಯಿಂದ ತುಂಬಿದ ಸಂಪಾದಕನು ಮಾಡುವ ಅಪಕಾರವೇ ಇದು. ಯಂತ್ರಗಳೇ ಕ್ಷಣಾರ್ಧದಲ್ಲಿ ನಯವಾದ ಟಿಪ್ಪಣಿಗಳನ್ನು ಬರೆದುಕೊಡುವ ಈ ದಿನಗಳಲ್ಲಿ ರೂಪಶುದ್ಧಿಯು ಮೊದಲಿಗಿಂತ ಅಗ್ಗವಾಗಿದೆ. ಅದನ್ನೇ ಪ್ರಾಮಾಣ್ಯದ ಗುರುತೆಂದು ತಿಳಿಯುವುದು ಮೊದಲಿಗಿಂತ ಅಪಾಯಕರವಾಗಿದೆ.

ಆಸ್ಟ್ರೇಲಿಯದ ರಸ್ಟಿ ರಸೆಲ್ ಅವರು ೨೦೦೮ರಲ್ಲಿ ಕರ್ನೆಲ್ಲಿನ ಫಂಕ್ಷನ್ನುಗಳಿಗೆ ಒಂದು ತಾರತಮ್ಯದ ಪಟ್ಟಿಯನ್ನು ಮಾಡಿದರು. ತಪ್ಪಾಗಿ ಬಳಸಲು ಸಾಧ್ಯವೇ ಇಲ್ಲದವು ಎಲ್ಲಕ್ಕೂ ಮೇಲೆ. ವಿವರಣೆಯನ್ನು ಓದಿದರೆ ಸರಿಯಾಗಿ ಬಳಸಬಹುದಾದವು ನಡುವೆ. ವಿವರಣೆಯನ್ನು ಓದಿದ್ದರಿಂದಲೇ ತಪ್ಪು ಮಾಡುವಂಥವು ಸೊನ್ನೆಗೂ ಕೆಳಗೆ, ಋಣಸಂಖ್ಯೆಗಳಲ್ಲಿ. ಹಾಸ್ಯದ ಧಾಟಿಯಲ್ಲಿ ಹೇಳಿದ ಮಾತಾದರೂ ಅದರ ತೀರ್ಪು ಗಂಭೀರವಾದುದು. ವಿವರಣೆಯಿಲ್ಲದವನು ಕೋಡನ್ನು ಓದಿಯಾದರೂ ನಿಜವನ್ನು ಕಂಡುಕೊಂಡಾನು. ಸುಳ್ಳು ವಿವರಣೆಯನ್ನು ನಂಬಿದವನು ಹುಡುಕುವುದನ್ನೇ ಬಿಡುತ್ತಾನೆ.

೫

ಹಾಗಾದರೆ ಟಿಪ್ಪಣಿಯ ಗೊಡವೆಯೇ ಬೇಡ, ಕೋಡೇ ಪ್ರಮಾಣವೆಂದು ವಾದಿಸುವ ಪಕ್ಷವೊಂದಿದೆ. ಅದಕ್ಕೆ ಬಲವಾದ ಆಧಾರವೂ ಇದೆ. ಕರ್ನೆಲ್ಲಿನ ಬರೆವಣಿಗೆಯ ನಿಯಮಾವಳಿಯೇ ಅತಿಟಿಪ್ಪಣಿಯ ವಿರುದ್ಧ ಎಚ್ಚರಿಕೆ ನೀಡುತ್ತದೆ: ಕೋಡು ಹೇಗೆ ನಡೆಯುತ್ತದೆಂದು ವಿವರಿಸಲು ಹೋಗದೆ ಅದು ಏನು ಮಾಡುತ್ತದೆಂದು ಮಾತ್ರ ಹೇಳಬೇಕು, ವಿವರಣೆ ಬೇಡುವಷ್ಟು ಕೋಡು ತೊಡಕಾಗಿದ್ದರೆ ಕೋಡನ್ನೇ ತಿಳಿಯಾಗಿಸಬೇಕು ಎಂಬುದು ಅದರ ಸಾರಾಂಶ. ಈ ಸಲಹೆಯನ್ನು ನಾವು ಒಪ್ಪುತ್ತೇವೆ. ಆದರೆ ಇದರಿಂದ ಟಿಪ್ಪಣಿಯೇ ಅನಾವಶ್ಯಕವೆಂಬ ತೀರ್ಮಾನ ಹೊರಡುವುದಿಲ್ಲ. ಕೋಡು ನಡೆಯುವುದನ್ನು ತೋರಿಸುತ್ತದೆ, ನಡೆಯಬೇಕಾದುದನ್ನು ತೋರಿಸುವುದಿಲ್ಲ. ತಪ್ಪು ಎಂಬ ಮಾತಿಗೆ ಅರ್ಥ ಬರಬೇಕಾದರೆ ಮೊದಲು ವಚನವೊಂದಿರಬೇಕು. ಟಿಪ್ಪಣಿಯು ಆ ವಚನ.

ಇಲ್ಲಿ ನಮ್ಮ ವೈಯಾಕರಣರ ಕ್ರಮವನ್ನು ನೆನೆಯುವುದು ಉಚಿತ. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸೂತ್ರವನ್ನು ಹೇಳಿ, ಅದರ ಕೆಳಗೆ ವೃತ್ತಿಯನ್ನು ಬರೆದು, ಬಳಿಕ ಪ್ರಯೋಗಗಳನ್ನು ಕೊಡುತ್ತಾನೆ. ಭಟ್ಟಾಕಳಂಕನು ೧೬೦೪ರಲ್ಲಿ ಮುಗಿಸಿದ ‘ಕರ್ಣಾಟಕ ಶಬ್ದಾನುಶಾಸನ’ದಲ್ಲಿ ೫೯೨ ಸೂತ್ರಗಳಿಗೆ ತಾನೇ ವೃತ್ತಿಯನ್ನೂ ವ್ಯಾಖ್ಯಾನವನ್ನೂ ರಚಿಸಿದನು. ಸೂತ್ರವು ಸಂಕ್ಷಿಪ್ತ, ವಿಧಾಯಕ. ವೃತ್ತಿಯು ಅದರ ಉದ್ದೇಶವನ್ನು ಬಿಡಿಸುತ್ತದೆ. ಪ್ರಯೋಗವು ಲೋಕದಲ್ಲಿ ಅದು ನಡೆಯುವ ಬಗೆಯನ್ನು ತೋರಿಸುತ್ತದೆ. ಕರ್ನೆಲ್ಲಿನಲ್ಲಿ ಕೋಡು ಸೂತ್ರಸ್ಥಾನದಲ್ಲಿದೆ, ಟಿಪ್ಪಣಿಯು ವೃತ್ತಿಸ್ಥಾನದಲ್ಲಿದೆ, ಆ ಫಂಕ್ಷನ್ನನ್ನು ಕರೆಯುವ ಇತರ ಕಡೆಗಳೆಲ್ಲ ಪ್ರಯೋಗಸ್ಥಾನದಲ್ಲಿವೆ. ವೃತ್ತಿಯು ಸೂತ್ರಕ್ಕೆ ವಿರುದ್ಧವಾಗಿ ಕಂಡರೆ ಯಾವುದು ತಪ್ಪೆಂದು ಆತುರದಿಂದ ತೀರ್ಪು ಕೊಡಲಾಗದು, ಪ್ರಯೋಗವನ್ನು ನೋಡಬೇಕು. ಹಾಗೆಯೇ ಟಿಪ್ಪಣಿಯೂ ಕೋಡೂ ಬೇರೆ ಬೇರೆ ಹೇಳಿದಾಗ ಟಿಪ್ಪಣಿಯನ್ನು ತಿದ್ದಿಬಿಡುವುದೇ ಪರಿಹಾರವಲ್ಲ. ಕರೆಯುವವರೆಲ್ಲರೂ ಟಿಪ್ಪಣಿಯ ವಚನವನ್ನು ನಂಬಿ ನಡೆದಿದ್ದರೆ ತಪ್ಪಿರುವುದು ಕೋಡಿನಲ್ಲಿ. ಅಂಥ ಕಡೆ ಟಿಪ್ಪಣಿಯನ್ನು ಕೋಡಿಗೆ ಹೊಂದಿಸಿ ಬರೆದವನು ದೋಷವನ್ನು ನಿಯಮವನ್ನಾಗಿ ಮಾಡಿದಂತಾಗುತ್ತದೆ.

ಯುನಿಕ್ಸಿನ ಆರನೆಯ ಆವೃತ್ತಿಯಲ್ಲಿ, ಒಂದು ಕಾರ್ಯದಿಂದ ಮತ್ತೊಂದಕ್ಕೆ ಯಂತ್ರವನ್ನು ಹೊರಳಿಸುವ ಭಾಗದಲ್ಲಿ, ಓದುಗನು ಇದನ್ನು ತಿಳಿದುಕೊಳ್ಳಬೇಕೆಂಬ ನಿರೀಕ್ಷೆಯಿಲ್ಲವೆಂಬ ಅರ್ಥದ ಟಿಪ್ಪಣಿಯೊಂದಿದ್ದಿತು. ಅದು ಬಹಳ ಹೆಸರಾಯಿತು. ಕೆಲವರು ಅದನ್ನು ಅಹಂಕಾರದ ಮಾತೆಂದು ಭಾವಿಸಿದರು. ಪರೀಕ್ಷೆಗೆ ಇದು ಬರುವುದಿಲ್ಲ ಎಂಬಂಥ ಧೋರಣೆಯಲ್ಲಿ ಬರೆದುದು ಅದು ಎಂದು ಡೆನ್ನಿಸ್ ರಿಚಿ ಅವರು ಮುಂದೆ ಸ್ಪಷ್ಟಪಡಿಸಿದರು. ಅದರೊಡನೆ, ನಿಜವ್ಯಾಗಿ ತಮಗೂ ಅಲ್ಲಿ ನಡೆಯುತ್ತಿದ್ದುದು ಪೂರ್ಣವಾಗಿ ಅರ್ಥವಾಗಿರಲಿಲ್ಲವೆಂದು ಸೇರಿಸಿದರು. ಮುಂದಿನ ಆವೃತ್ತಿಯಲ್ಲಿ ಆ ವ್ಯವಸ್ಥೆಯನ್ನೇ ಬದಲಾಯಿಸಬೇಕಾಯಿತು. ಟಿಪ್ಪಣಿ ಬರೆಯಲು ಕಷ್ಟವಾದ ಕಡೆ ಕೋಡಿನಲ್ಲಿಯೇ ತೊಡಕಿರುವ ಸಂಭವವುಂಟೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಿಲ್ಲ.

೬

ಇನ್ನು ಪರಿಶೀಲನೆಯ ಪದ್ಧತಿ. ಬಹಿರ್ವಿಮರ್ಶೆಯ ದೃಷ್ಟಿಯಿಂದ ಲಿನಕ್ಸಿನ ದಾಖಲೆಗಳು ಯಾವ ಇತಿಹಾಸಕಾರನಿಗಾದರೂ ಅಸೂಯೆ ಹುಟ್ಟಿಸುವಂಥವು. ೨೦೦೩ರಲ್ಲಿ ಎಸ್‌ಸಿಒ ಎಂಬ ಸಂಸ್ಥೆಯು ಲಿನಕ್ಸಿನ ಕೋಡಿನ ಹಕ್ಕನ್ನು ಕುರಿತು ವ್ಯಾಜ್ಯವನ್ನು ಹೂಡಿದ ಮೇಲೆ, ೨೦೦೪ರಿಂದ, ಪ್ರತಿಯೊಂದು ತಿದ್ದುಪಡಿಯ ಕೆಳಗೂ ಅದನ್ನು ಬರೆದವನೂ ಮುಂದಕ್ಕೆ ಸಾಗಿಸಿದವನೂ ‘ಸೈನ್ಡ್ ಆಫ್ ಬೈ’ ಎಂದು ಹೆಸರು ಹಾಕುವ ಕ್ರಮ ಬಂದಿತು. ಪರಿಶೀಲಿಸಿದವನ ಹೆಸರು ‘ರಿವ್ಯೂಡ್ ಬೈ’ ಎಂದು, ಪ್ರಯೋಗಿಸಿ ನೋಡಿದವನ ಹೆಸರು ‘ಟೆಸ್ಟೆಡ್ ಬೈ’ ಎಂದು ಬೇರೆ ಬೇರೆಯಾಗಿ ನಮೂದಾಗುತ್ತವೆ. ಹಳೆಯ ತಪ್ಪನ್ನು ತಿದ್ದಿದಲ್ಲಿ, ಆ ತಪ್ಪು ಯಾವ ತಿದ್ದುಪಡಿಯಿಂದ ಹೊಕ್ಕಿತೆಂಬುದನ್ನು ‘ಫಿಕ್ಸಸ್’ ಎಂಬ ಸಾಲಿನಲ್ಲಿ ತಿಳಿಸುತ್ತಾರೆ. ೨೦೦೫ರಲ್ಲಿ ಬಂದ ಗಿಟ್ ಎಂಬ ಸಾಧನದಿಂದ ಯಾವ ಸಾಲನ್ನು ಯಾರು, ಯಾವ ದಿನ ಬರೆದರೆಂಬುದನ್ನು ಕೂಡಲೇ ತಿಳಿಯಬಹುದು. ನಮ್ಮ ಶಾಸನಗಳ ಕೊನೆಯಲ್ಲಿ ರಚಿಸಿದ ಕವಿ, ಬರೆದ ಲಿಪಿಕಾರ, ಕಂಡರಿಸಿದ ರೂವಾರಿ, ಇವರ ಹೆಸರುಗಳು ದೊರೆತಾಗ ನಾವು ಎಷ್ಟು ಸಂತೋಷಪಡುತ್ತೇವೆ! ಇಲ್ಲಿ ಅದು ಪ್ರತಿ ಸಾಲಿಗೂ ದೊರೆಯುತ್ತದೆ.

‘ರಿವ್ಯೂಡ್ ಬೈ’ ಎಂದು ಹೆಸರು ಹಾಕುವವನು ಏನನ್ನು ಒಪ್ಪಿಕೊಂಡಂತಾಯಿತೆಂಬುದನ್ನೂ ನಿಯಮಗಳು ಹೇಳುತ್ತವೆ: ತಾನು ತಾಂತ್ರಿಕ ಪರಿಶೀಲನೆ ನಡೆಸಿದ್ದೇನೆ, ಕಂಡ ಆಕ್ಷೇಪಗಳನ್ನು ಲೇಖಕನಿಗೆ ತಿಳಿಸಿದ್ದೇನೆ, ಇದು ಸ್ವೀಕಾರಾರ್ಹವೆಂದು ನಂಬಿದ್ದೇನೆ, ಆದರೆ ಇದಕ್ಕೆ ಹೊಣೆಗಾರಿಕೆಯ ಭರವಸೆಯಿಲ್ಲ. ಕೋಡಿನ ಮಟ್ಟಿಗೆ ಇಷ್ಟು ಸಾಕು. ಏಕೆಂದರೆ ಕೋಡನ್ನು ಮುಂದೆ ಯಂತ್ರವು ನಡೆಯಿಸಿ ನೋಡುತ್ತದೆ, ತಪ್ಪಿದ್ದರೆ ಎಂದಾದರೂ ಹೊರಬೀಳುತ್ತದೆ. ಟಿಪ್ಪಣಿಗೆ ಆ ಎರಡನೆಯ ಪರೀಕ್ಷೆಯಿಲ್ಲ. ಪರಿಶೀಲಕನೇ ಅದರ ಮೊದಲ ಮತ್ತು ಕೊನೆಯ ಪರೀಕ್ಷಕ. ಹೀಗಿರುವಲ್ಲಿ ಟಿಪ್ಪಣಿಯ ಪರಿಶೀಲನೆಯು ಕೋಡಿನ ಪರಿಶೀಲನೆಗಿಂತ ಬಿಗಿಯಾಗಿರಬೇಕಾದುದು ನ್ಯಾಯ. ಆದರೆ ಟಿಪ್ಪಣಿಯ ತಿದ್ದುಪಡಿಯನ್ನು ಹೊಸಬರ ಕೈಗೆಲಸವೆಂದೂ ಕಾಗುಣಿತ ತಿದ್ದುವ ಮಾತೆಂದೂ ಲಘುವಾಗಿ ಕಾಣುವ ರೂಢಿಯೇ ಹೆಚ್ಚು. ನಾವು ಮೇಲೆ ಸೂಚಿಸಿದ ಕೊರತೆ ಇದೇ.

ಪರಿಶೀಲಕನು ಮಾಡಬೇಕಾದುದೇನು? ಮೊದಲನೆಯದಾಗಿ, ಫಂಕ್ಷನ್ನಿನಿಂದ ಹೊರಬೀಳುವ ಎಲ್ಲ ದಾರಿಗಳನ್ನೂ ಎಣಿಸಿ, ಪ್ರತಿಯೊಂದು ದಾರಿಯ ಉತ್ತರವೂ ‘ರಿಟರ್ನ್’ ಭಾಗದಲ್ಲಿ ಇದೆಯೆ ಎಂದು ನೋಡಬೇಕು. ಎರಡನೆಯದಾಗಿ, ‘ಕಾಂಟೆಕ್ಸ್ಟ್’ ಭಾಗವನ್ನು ಪರೀಕ್ಷಿಸಬೇಕು. ಕರ್ನೆಲ್ಲಿನಲ್ಲಿ ಕೆಲವು ಫಂಕ್ಷನ್ನುಗಳು ನಡುವೆ ನಿದ್ರಿಸಬಹುದು, ಎಂದರೆ ಬೇರೊಂದು ಕಾರ್ಯಕ್ಕೆ ಎಡೆಗೊಟ್ಟು ಕಾಯಬಹುದು. ಸ್ಪಿನ್‌ಲಾಕ್ ಎಂಬ ಬೀಗವನ್ನು ಹಿಡಿದಿರುವಾಗ ಅಂಥವನ್ನು ಕರೆಯಕೂಡದು. ಸ್ಮೃತಿಯನ್ನು ಬೇಡುವಾಗ ‘ಜಿಎಫ್‌ಪಿ ಕರ್ನೆಲ್’ ಎಂದರೆ ನಿದ್ರಿಸಲು ಅನುಮತಿಯುಂಟು, ‘ಜಿಎಫ್‌ಪಿ ಅಟಾಮಿಕ್’ ಎಂದರೆ ಇಲ್ಲ. ನಿದ್ರಿಸುವುದಿಲ್ಲವೆಂದು ಟಿಪ್ಪಣಿಯು ಹೇಳುತ್ತಿರಲು, ಅದರ ಕೆಳಗೆ ಮೂರು ಮೆಟ್ಟಿಲು ಇಳಿದ ಮೇಲೆ ಎಲ್ಲಿಯೋ ‘ಜಿಎಫ್‌ಪಿ ಕರ್ನೆಲ್’ ಸೇರಿಕೊಂಡಿದ್ದರೆ ವಚನವು ಮುರಿದಿದೆ. ಮೂರನೆಯದಾಗಿ, ಕರೆಯುವವರಲ್ಲಿ ಕೆಲವರನ್ನಾದರೂ ಓದಿ, ಪ್ರಯೋಗವು ವೃತ್ತಿಗೆ ಹೊಂದುತ್ತದೆಯೆ ಎಂದು ನೋಡಬೇಕು. ನಾಲ್ಕನೆಯದಾಗಿ, ಟಿಪ್ಪಣಿಯೂ ಕೋಡೂ ಕೊನೆಯದಾಗಿ ಬದಲಾದ ದಿನಗಳನ್ನು ಗಿಟ್ಟಿನಿಂದ ತೆಗೆದು ಹೋಲಿಸಬೇಕು. ಕೋಡು ಹಲವು ಬಾರಿ ಬದಲಾಗಿ ಟಿಪ್ಪಣಿಯು ಹತ್ತು ವರ್ಷಗಳಿಂದ ಅಲುಗದಿದ್ದರೆ, ಲಿಪಿಗೂ ತಿಥಿಗೂ ಹೊಂದದ ತಾಮ್ರಪಟವನ್ನು ಕಂಡಾಗ ಹುಟ್ಟುವ ಸಂಶಯವೇ ಇಲ್ಲಿಯೂ ಹುಟ್ಟಬೇಕು. ಸಂಶಯವು ತೀರ್ಪಲ್ಲ, ಆದರೆ ಪರೀಕ್ಷೆಗೆ ಸಾಕಷ್ಟು ಕಾರಣ.

ಕೆಲವು ವಚನಗಳನ್ನು ಟಿಪ್ಪಣಿಯಿಂದ ಕೋಡಿಗೇ ಸಾಗಿಸುವುದು ಸಾಧ್ಯವೆಂಬುದನ್ನೂ ಹೇಳಬೇಕು. ಇಂಗೊ ಮೊಲ್ನಾರ್ ಅವರು ೨೦೦೬ರಲ್ಲಿ ತಂದ ಲಾಕ್‌ಡೆಪ್ ಎಂಬ ವ್ಯವಸ್ಥೆಯ ನೆರವಿನಿಂದ, ಇಂಥ ಬೀಗವನ್ನು ಹಿಡಿದೇ ಬರಬೇಕೆಂಬ ಮಾತನ್ನು ಯಂತ್ರವೇ ಪರೀಕ್ಷಿಸುವಂತೆ ಬರೆಯಬಹುದು. ‘ಮೈಟ್ ಸ್ಲೀಪ್’ ಎಂಬ ಒಂದು ಸಾಲಿನಿಂದ ನಿದ್ರೆಯ ನಿಯಮವನ್ನೂ ಹಾಗೆಯೇ ಕಾಯಬಹುದು. ಯಂತ್ರವು ಕಾಯಬಲ್ಲ ವಚನವನ್ನು ಯಂತ್ರಕ್ಕೆ ಒಪ್ಪಿಸುವುದು ಒಳ್ಳೆಯದು. ಆದರೆ ಒಂದು ಫಂಕ್ಷನ್ನು ಏತಕ್ಕಾಗಿ ಇದೆ, ಸೋತಾಗ ಕರೆದವನು ಏನು ಮಾಡಬೇಕು, ಪಡೆದ ಸ್ಮೃತಿಯನ್ನು ಬಿಡುಗಡೆ ಮಾಡುವ ಹೊಣೆ ಯಾರದು ಎಂಬಂಥವು ಮನುಷ್ಯನ ಮಾತಾಗಿಯೇ ಉಳಿಯತಕ್ಕವು. ಅವುಗಳಿಗೆ ಓದುವ ಕಣ್ಣಿನ ಹೊರತು ಬೇರೆ ಕಾವಲಿಲ್ಲ.

ಇದರಿಂದ ಒಂದು ಸರಳವಾದ ಸೂಚನೆ ಹೊರಡುತ್ತದೆ. ಟಿಪ್ಪಣಿಯನ್ನು ಸೇರಿಸುವ ಅಥವಾ ತಿದ್ದುವ ಪ್ರತಿಯೊಬ್ಬನೂ ತಾನು ಅದನ್ನು ಯಾವುದರೊಡನೆ ಹೋಲಿಸಿ ನೋಡಿದೆನೆಂಬುದನ್ನು ತಿದ್ದುಪಡಿಯ ಒಕ್ಕಣೆಯಲ್ಲಿ ಒಂದೆರಡು ವಾಕ್ಯಗಳಲ್ಲಿ ಬರೆಯಲಿ: ಇಷ್ಟು ಹೊರದಾರಿಗಳನ್ನು ನೋಡಿದೆ, ಇಂಥ ಕರೆಗಳನ್ನು ಓದಿದೆ, ಇಂಥದು ನನಗೆ ನಿಶ್ಚಯವಾಗಲಿಲ್ಲ. ಪರಿಶೀಲಕನು ಹೆಸರು ಹಾಕುವ ಮೊದಲು ಆ ವಾಕ್ಯಗಳನ್ನು ಕೇಳಲಿ. ನಿಶ್ಚಯವಾಗದುದನ್ನು ನಿಶ್ಚಯವಾಗಲಿಲ್ಲವೆಂದೇ ಬರೆಯುವುದು ಚೌಕ ಕಂಸವನ್ನು ಹಾಕಿದಂತೆ. ಅದರಿಂದ ಸಂಪಾದಕನ ಗೌರವಕ್ಕೆ ಕುಂದಿಲ್ಲ.

೭

ಇದೆಲ್ಲ ನಮ್ಮ ಊರಿಗೆ ದೂರದ ಮಾತಲ್ಲ. ಟಿಳಕವಾಡಿಗೆ ಹೊಂದಿದ ಉದ್ಯಮಬಾಗಿನಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಿಗಾಗಿ ೧೯೯೮ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವೂ ಬೆಳಗಾವಿಯ ಮಚ್ಛೆಯಲ್ಲಿದೆ. ಇಲ್ಲಿ ಆಪರೇಟಿಂಗ್ ಸಿಸ್ಟಂ ಕಲಿಯುವ ವಿದ್ಯಾರ್ಥಿಗೆ ಜಗತ್ತಿನ ಇಂಥದೊಂದು ಮಹಾಗ್ರಂಥವು ಮುಕ್ತವಾಗಿ ತೆರೆದಿದೆ. ಅದನ್ನು ಪ್ರವೇಶಿಸಲು ಟಿಪ್ಪಣಿಯ ತಿದ್ದುಪಡಿಯು ಎಲ್ಲಕ್ಕಿಂತ ಸಮೀಪದ ಬಾಗಿಲು. ಆ ಬಾಗಿಲಲ್ಲಿ ಹೇಗೆ ಹೆಜ್ಜೆಯಿಡುತ್ತಾನೆಂಬುದರ ಮೇಲೆ ಮುಂದಿನ ಅಭ್ಯಾಸವೆಲ್ಲ ನಿಂತಿದೆ. ಎಚ್ಚರಿಕೆಯನ್ನು ಅಡಗಿಸಿ ತನ್ನ ಹೆಸರೊಂದು ದಾಖಲಾಯಿತೆಂದು ತೃಪ್ತಿಪಟ್ಟರೆ, ಪ್ರಯೋಗಶಾಲೆಯ ಜರ್ನಲನ್ನು ಹಿಂದಿನ ವರ್ಷದವರಿಂದ ನಕಲು ಮಾಡಿದ್ದಕ್ಕಿಂತ ಅದು ಹೆಚ್ಚಿನದಲ್ಲ. ಅದೇ ಒಂದು ಫಂಕ್ಷನ್ನಿನ ಟಿಪ್ಪಣಿಯನ್ನು ಕೋಡಿನೊಡನೆಯೂ ಪ್ರಯೋಗದೊಡನೆಯೂ ಹೋಲಿಸಿ, ಸರಿಯಾದ ಒಂದು ವಾಕ್ಯವನ್ನು ಬರೆದರೆ, ಅವನು ಆಕರವಿಮರ್ಶೆಯನ್ನು ಕಲಿತಂತಾಯಿತು.

ಕರ್ನೆಲ್ಲಿನ ವಿವರಣೆಗಳಲ್ಲಿ ಕೆಲವು ಚೀನೀ, ಜಪಾನೀ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಿಗೆ ಅನುವಾದವಾಗಿ ಅದರ ಭಂಡಾರದಲ್ಲಿಯೇ ಸೇರಿವೆ. ಕನ್ನಡ ಆ ಸಾಲಿನಲ್ಲಿಲ್ಲ. ಅನುವಾದದ ಕಾರ್ಯವು ದೊಡ್ಡದು, ಅದಕ್ಕೆ ಕಾಲ ಬೇಕು. ಆದರೆ ಅದಕ್ಕೆ ಮೊದಲೇ ತರಗತಿಯಲ್ಲಿ ಮಾಡಬಹುದಾದ ಕೆಲಸವೊಂದಿದೆ. ಒಂದು ಟಿಪ್ಪಣಿಯನ್ನು ವಿದ್ಯಾರ್ಥಿಯಿಂದ ಓದಿಸಿ, ಇದು ಏನು ವಚನ ಕೊಡುತ್ತದೆಂದು ಕನ್ನಡದಲ್ಲಿ, ಮನೆಯಲ್ಲಿ ಮರಾಠಿಯಾಡುವವರಿಗೆ ಮರಾಠಿಯಲ್ಲಿ, ಹೇಳೆಂದು ಕೇಳಬೇಕು. ‘ಫ್ಲಾಗ್ಸ್: ಫ್ಲಾಗುಗಳು’ ಎಂಬ ಪೊಳ್ಳುತನವು ಇಂಗ್ಲಿಷಿನಲ್ಲಿ ಮರೆಯಾಗಿ ನಿಲ್ಲಬಹುದು, ಮನೆಮಾತಿನಲ್ಲಿ ಹೇಳಹೊರಟ ಕ್ಷಣವೇ ಅದು ಬಯಲಾಗುತ್ತದೆ. ‘ಆದ’ ಎಂಬುದಕ್ಕೂ ‘ಆಗದೆ ಉಳಿದ’ ಎಂಬುದಕ್ಕೂ ಇರುವ ಅಂತರ ಕಿವಿಗೆ ತಟ್ಟುತ್ತದೆ.

ಒಟ್ಟಿನಲ್ಲಿ, ಕರ್ನೆಲ್-ಡಾಕ್ ಪದ್ಧತಿಯು ರೂಪದಲ್ಲಿ ಶ್ಲಾಘ್ಯ, ಸ್ಥಾನದಲ್ಲಿ ಯುಕ್ತ, ವಂಶಾವಳಿಯಲ್ಲಿ ಪರಿಶುದ್ಧ. ಪ್ರಾಮಾಣ್ಯದಲ್ಲಿ ಮಾತ್ರ ಅದು ಪರಿಶೀಲಕನು ಇದ್ದಷ್ಟೇ ಗಟ್ಟಿ. ಯಂತ್ರವು ಓದದೆ ಬಿಡುವ ಸಾಲುಗಳಿಗೆ ಮನುಷ್ಯನೇ ಓದುಗನಾಗಬೇಕು. ಹೆಸರು ಹಾಕುವ ಮುನ್ನ ಎರಡನ್ನೂ, ಟಿಪ್ಪಣಿಯನ್ನೂ ಕೋಡನ್ನೂ, ಓದಿರಬೇಕು. ನಮ್ಮ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಕೆಲಸವನ್ನು ಕಿರಿದೆಂದು ತಿಳಿಯದೆ ಕೈಗೆತ್ತಿಕೊಂಡರೆ ಅದು ಅವರಿಗೂ ಒಳ್ಳೆಯದು, ಆ ಗ್ರಂಥಕ್ಕೂ ಒಳ್ಳೆಯದು.